ತಲೆಗೆ 17 ಪವನ್: ಅಶ್ದೋದಿನ ಕಾವಲು ಕೋಟೆಯನ್ನು ನಾನು ಓದಿದ ಬಗೆ

ಬ್ರಹ್ಮಾವರದ ಕಡೆಯವಳು ನಾನು. ಇಸ್ರೇಲಿನ ಅಶ್ದೋದಿನಲ್ಲಿ ವಯಸ್ಸಾದವರೊಬ್ಬರನ್ನು ನೋಡಿಕೊಳ್ಳುವ ಕೆಲಸ. ನಮ್ಮ ಕರಾವಳಿಯ ಎಷ್ಟೋ ಜನ ಇಲ್ಲಿ ಮಾಡುವ ಕೆಲಸವೇ. ಸಂಜೆ ಅಜ್ಜನನ್ನು ವೀಲ್‌ಚೇರಿನಲ್ಲಿ ಕಡಲ ಕಡೆ ಕರೆದುಕೊಂಡು ಹೋದರೆ ಊರಿನ ತೆಂಕು ತುದಿಯಲ್ಲಿ ಒಂದು ಪಾಳು ಕೋಟೆ. ಮೊದಲ ವರ್ಷ ನನಗೆ ಅದರ ಉಪಯೋಗ ನೆರಳಿಗೆ ಮಾತ್ರ.

ಒಂದು ದಿನ ಅಜ್ಜನೇ ಕೇಳಿದರು, ಇದನ್ನು ಕಟ್ಟಿದ್ದು ಯಾರು ಗೊತ್ತಾ ಎಂದು. "ಧರ್ಮಯುದ್ಧಕ್ಕೆಂದು ಯುರೋಪಿನಿಂದ ಬಂದ ಕ್ರುಸೇಡಿನವರು ಇರಬೇಕು, ಸಾಬಾ" ಎಂದೆ. ಸಾಬಾ ಎಂದರೆ ಹೀಬ್ರೂನಲ್ಲಿ ಅಜ್ಜ. ಅವರು ನಕ್ಕರು. "ಅವರಿಗಿಂತ 400 ವರ್ಷ ಮೊದಲಿನದು."

ಅವತ್ತಿನಿಂದ ರಜೆಯ ಶನಿವಾರಗಳು ಕೋಟೆಗೇ ಹೋದವು. ಮೊದಲು ಮಾಡಿದ್ದು ಹೆಜ್ಜೆ ಹಾಕಿ ಅಳೆದದ್ದು. ಉದ್ದಕ್ಕೆ ನನ್ನ 85 ಹೆಜ್ಜೆ, ಅಗಲಕ್ಕೆ 57. ಅಂದರೆ ಸುಮಾರು 60 ಮೀಟರ್, 40 ಮೀಟರ್. ನಾಲ್ಕು ಮೂಲೆಗೂ ಬುರುಜು. ಬಾಗಿಲು ಎರಡು, ಒಂದು ಕಡಲಿಗೆ, ಇನ್ನೊಂದು ಮೂಡಣಕ್ಕೆ. ಎರಡಕ್ಕೂ ಇಕ್ಕೆಲದಲ್ಲಿ ಅರ್ಧವೃತ್ತದ ಗೋಪುರ. ಕಲ್ಲು ಇಲ್ಲಿನದೇ, ಕುರ್ಕಾರ್ ಅನ್ನುತ್ತಾರೆ: ಮರಳೇ ಗಟ್ಟಿಯಾಗಿ ಕಲ್ಲಾದದ್ದು. ಉಗುರಿನಲ್ಲಿ ಕೆರೆದರೆ ಉದುರುತ್ತದೆ. ನಮ್ಮ ಮುರಕಲ್ಲು ನೋಡಿದವರಿಗೆ ಇದರ ಮೇಲೆ ನಂಬಿಕೆ ಬರುವುದು ಕಷ್ಟ, ಆದರೂ ನಿಂತಿದೆ.

ಕಟ್ಟಿಸಿದ್ದು ಅರಬರ ಉಮಯ್ಯದ್ ಮನೆತನದ ದೊರೆ, ಖಲೀಫ ಅಬ್ದುಲ್ ಮಲಿಕ್ (685–705) ಕಾಲದಲ್ಲಿ ಎನ್ನುತ್ತಾರೆ. ಆಗ ನೆಲ ಅರಬರದು, ಕಡಲ ಮೇಲೆ ಬೈಜಾಂಟೈನರ, ಅಂದರೆ ಗ್ರೀಕ್ ಮಾತಾಡುವ ಕ್ರೈಸ್ತ ಸಾಮ್ರಾಜ್ಯದವರ, ಹಡಗುಗಳ ಭಯ. ಆ ಸುಮಾರಿಗೇ ಅವರು ತೆಂಕಲಿನ ಅಸ್ಕಲಾನ್ ಊರನ್ನೇ ಹಾಳುಗೆಡವಿ ಹೋಗಿದ್ದರು. ಹಾಗಾಗಿ ಕರಾವಳಿಗುಂಟ ಕಾವಲು ಠಾಣೆಗಳು ಎದ್ದವು. ಅವನ್ನು ರಿಬಾತ್ ಎನ್ನುತ್ತಿದ್ದರು. ನಮ್ಮದರ ಹೆಸರು ಮೀನತ್ ಅಲ್-ಖಲ್ಅ, ಕೋಟೆಯ ಬಂದರು. ಕ್ರುಸೇಡಿನವರು ಆಮೇಲೆ ಬಂದು ಬೆರೋಆರ್ ಅಂತ ಇನ್ನೊಂದು ಹೆಸರಿಟ್ಟರು, ಅಷ್ಟೆ.

ಕಾವಲು ಎಂದರೆ ಬರೀ ಯುದ್ಧ ಎಂದುಕೊಂಡಿದ್ದೆ. ಅದನ್ನು ತಲೆಕೆಳಗು ಮಾಡಿದವನು ಮುಖದ್ದಸಿ. ಜೆರುಸಲೇಮಿನವನು, ಸುಮಾರು 985ರಲ್ಲಿ ತಾನು ಸುತ್ತಿದ ನಾಡುಗಳ ಬಗ್ಗೆ ಬರೆದಿಟ್ಟ. ಈ ಕರಾವಳಿಯ ರಿಬಾತುಗಳನ್ನು ಹೆಸರು ಹಿಡಿದು ಹೇಳುತ್ತಾನೆ: ಗಾಜಾ, ಮೀಮಾಸ್, ಅಸ್ಕಲಾನ್, ಮಾಹೂಜ್ ಅಜ್ದೂದ್, ಮಾಹೂಜ್ ಯುಬ್ನಾ, ಯಾಫಾ, ಅರ್ಸೂಫ್. ನಾಲ್ಕನೆಯದು, ಅಶ್ದೋದಿನ ಬಂದರು, ಅದೇ ನಾನು ನೆರಳಿಗೆ ಕೂರುತ್ತಿದ್ದ ಜಾಗ.

ಅವನ ಪ್ರಕಾರ ಬೈಜಾಂಟೈನರ ಹಡಗು ಇಲ್ಲಿಗೆ ಬರುತ್ತಿದ್ದದ್ದು ಹಿಡಿದ ಮುಸ್ಲಿಂ ಸೆರೆಯಾಳುಗಳನ್ನು ಮಾರಲು, ಮೂವರಿಗೆ 100 ದೀನಾರಿನಂತೆ. ಹಡಗು ಕಂಡೊಡನೆ ಕಹಳೆ. ರಾತ್ರಿಯಾದರೆ ಗೋಪುರದ ಮೇಲೆ ಬೆಂಕಿ, ಹಗಲಾದರೆ ಹೊಗೆ. ಕಡಲಿನಿಂದ ಆಗಿನ ಪ್ರಾಂತ್ಯದ ರಾಜಧಾನಿ ರಾಮ್ಲಾದ ತನಕ ಗೋಪುರದಿಂದ ಗೋಪುರಕ್ಕೆ ಬೆಂಕಿ ಹಾರುತ್ತಾ, ಗಂಟೆಯೊಳಗೆ ಅಲ್ಲಿ ಸುದ್ದಿ. ಜನ ಆಯುಧ ಹಿಡಿದು ಓಡಿ ಬರುತ್ತಿದ್ದರು, ಆಮೇಲೆ ಬಿಡಿಸಿಕೊಳ್ಳುವ ವ್ಯಾಪಾರ ಶುರು. ಉಳ್ಳವನು ಒಬ್ಬನನ್ನು ಬಿಡಿಸಿದರೆ, ಇಲ್ಲದವನು ಬೆಳ್ಳಿ ನಾಣ್ಯವನ್ನೋ ಬೆರಳಿನ ಉಂಗುರವನ್ನೋ ರಾಶಿಗೆ ಹಾಕುತ್ತಿದ್ದ. ಗ್ರೀಕ್ ಬಲ್ಲ ಜನ ಪ್ರತಿ ಠಾಣೆಯಲ್ಲೂ ಇದ್ದರಂತೆ. ಹರಕು ಹೀಬ್ರೂನಲ್ಲಿ ಔಷಧಿ ಅಂಗಡಿಯವರ ಹತ್ತಿರ ಮಾತಾಡುವ ನನಗೆ ಆ ಜನರ ಮೇಲೆ ವಿಶೇಷ ಪ್ರೀತಿ.

ಒಂದು ದೀನಾರ್ ಎಂದರೆ 4 ಗ್ರಾಂಗಿಂತ ತುಸು ಹೆಚ್ಚು ಚಿನ್ನ. ಕೂತು ಲೆಕ್ಕ ಹಾಕಿದೆ. ಪವನ್ ಎಂದರೆ 8 ಗ್ರಾಂ, ಹಾಗಾಗಿ ತಲೆಗೆ 17 ಪವನಿನ ಆಸುಪಾಸು. ಊರಲ್ಲಿ ಒಂದು ಮದುವೆ ಎತ್ತುವ ಚಿನ್ನ.

ಆದರೆ "ಗಂಟೆಯೊಳಗೆ" ಎನ್ನುವ ಮಾತು ನಿಜವಿರಬಹುದೇ? ರಾಮ್ಲಾ ಇಲ್ಲಿಂದ ನೆಟ್ಟಗೆ 30 ಕಿ.ಮೀ. ಹತ್ತಿರ. ಅಲ್ಲಿನ ಬಿಳಿ ಗೋಪುರದ ಫೋಟೋ ನೋಡಿ, ಇದೇ ಕೊನೆಯ ಬೆಂಕಿ ಹಚ್ಚಿದ ಗೋಪುರ ಎಂದು ಕುಣಿದು ಒಂದು ರಜೆ ಪೂರ್ತಿ ಅದಕ್ಕೆ ಹಾಕಿದೆ. ಹೋಗಿ ನೋಡಿದರೆ ಅದು ಈಜಿಪ್ಟಿನ ಮಮ್ಲೂಕ್ ಸುಲ್ತಾನರ ಕಾಲದ್ದು, 1318ರದು. ಮುಖದ್ದಸಿ ಬರೆದು 300 ವರ್ಷ ದಾಟಿದ ಮೇಲಿನದು! ಜೊತೆಗೆ ಬಂದ ಗೆಳತಿಯ ಮುಂದೆ ಮರ್ಯಾದೆ ಹೋಯಿತು.

ಬದಲಿಗೆ ಇನ್ನೊಂದು ದಾರಿ ಹಿಡಿದೆ. ಮರಳ ಮೇಲೆ ನಿಂತವಳ ಕಣ್ಣು ನೆಲದಿಂದ ಒಂದೂವರೆ ಮೀಟರ್ ಮೇಲಿದ್ದರೆ ಕಡಲ ಅಂಚು ನಾಲ್ಕೂವರೆ ಕಿ.ಮೀ. ಒಳಗೇ ಮುಗಿಯುತ್ತದೆ, ಭೂಮಿ ಗುಂಡಗಿರುವುದರಿಂದ. 10 ಮೀಟರ್ ಎತ್ತರದ ಗೋಪುರ ಎಂದಿಟ್ಟುಕೊಳ್ಳಿ, 11 ಕಿ.ಮೀ. ಕಾಣುತ್ತದೆ. ಹುಟ್ಟು ಹಾಕುವ ಹಡಗು ಗಂಟೆಗೆ 6 ಕಿ.ಮೀ. ಬಂದರೂ, ಕೆಳಗೆ ನಿಂತವನಿಗೆ ಸಿಗುವುದು ಮುಕ್ಕಾಲು ಗಂಟೆ, ಮೇಲಿನವನಿಗೆ ಎರಡು ಗಂಟೆಗೆ ಸ್ವಲ್ಪ ಕಡಿಮೆ. ಗೋಪುರವಿದ್ದರೆ ಹಡಗು ದಡ ಮುಟ್ಟುವ ಮೊದಲೇ ರಾಮ್ಲಾದಲ್ಲಿ ಡೋಲು ಬಡಿದಾಗಿರುತ್ತದೆ. ಇಲ್ಲದಿದ್ದರೆ ಇಲ್ಲ. ಮುಖದ್ದಸಿ ಹೇಳಿದ್ದು ನನಗಂತೂ ಒಪ್ಪಿಗೆಯಾಯಿತು.

ಮುಂದಿನ ವಾರ ಪಡುವಣ ಬಾಗಿಲ ಹತ್ತಿರ ಕುರ್ಚಿ ನಿಲ್ಲಿಸಿ ಅಜ್ಜನಿಗೆ ಇಷ್ಟನ್ನೂ ಒಪ್ಪಿಸಿದೆ. ದೂರದಲ್ಲಿ ಬಂದರಿಗೆ ಸರದಿ ಕಾಯುವ ಕಂಟೇನರ್ ಹಡಗುಗಳು ನಿಂತಿದ್ದವು. ಅವರು ತಮ್ಮ ಉಂಗುರವನ್ನು ಎರಡು ಸುತ್ತು ತಿರುಗಿಸಿ, "ಇದನ್ನು ಹಾಕಿದ್ದರೆ ಯಾರನ್ನು ಬಿಡಿಸಬಹುದಿತ್ತು?" ಎಂದು ಕೇಳಿದರು.

"ಇಡೀ ಮನುಷ್ಯ ಸಿಗಲ್ಲ ಸಾಬಾ. ಒಂದು ಕೈ ಬರಬಹುದೇನೋ."