ಹಿಂದಿನ ಆಯತ್ತು, ಮುಂದಿನ ಆಯತ್ತು

ಆ ಹುಡುಗನಿಗೆ ಆಗ 19 ವರ್ಷ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ. ಒಂದು ಸಂಜೆ ಮಗ್ರಿಬ್ ನಮಾಜ್ ಮುಗಿಸಿ ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಹತ್ತಿರ ಬಂದು ಫೋನ್ ತೋರಿಸಿದ. ಅರ್ಧ ನಿಮಿಷದ ವಿಡಿಯೋ. ಯಾರೋ ಗಟ್ಟಿ ದನಿಯಲ್ಲಿ ಕುರ್‌ಆನಿನ ಒಂದು ಆಯತ್ತು, ಅಂದರೆ ಒಂದು ವಾಕ್ಯ, ಹೇಳುತ್ತಿದ್ದ: ಬಹುದೇವರನ್ನು ಪೂಜಿಸುವವರನ್ನು ಕಂಡಲ್ಲಿ ಕೊಲ್ಲಿರಿ. "ಸರ್, ಇದು ಖರೇನ ಐತೇನ್ರಿ?" ಅಂತ ಕೇಳಿದ.

ನನಗೆ ಸಿಟ್ಟು ಬಂತು. "ಇಂಥಾವೆಲ್ಲಾ ಯಾಕ್ ನೋಡ್ತಿ? ಮೊದಲ ಅಳಿಸು ಅದನ್ನ" ಅಂತ ನಾಲ್ಕು ಜನರ ಎದುರೇ ಬೈದೆ. ಮುಂದಿನ ಮೂರು ಶುಕ್ರವಾರ ಅವನು ಮಸೀದಿ ಕಡೆ ಬರಲಿಲ್ಲ.

ನಾನು ಹಾವೇರಿ ಜಿಲ್ಲೆಯ ಹೈಸ್ಕೂಲುಗಳಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವನು. ಪ್ರಶ್ನೆ ಕೇಳಿದ ಹುಡುಗನನ್ನು ಬೈಯಬಾರದು ಅಂತ ನನಗೆ ಗೊತ್ತಿಲ್ಲದೆ ಏನಿಲ್ಲ. ಹೆದರಿಕೆಯಲ್ಲಿ ಬೈದೆ. ಯಾರಾದರೂ ಕೇಳಿಸಿಕೊಂಡರೆ? ಮಸೀದಿಗೇ ಕೆಟ್ಟ ಹೆಸರು ಬಂದರೆ? ನಮ್ಮ ಹಿರಿಯರು ಹುಡುಗರ ಬಾಯಿ ಮುಚ್ಚಿಸುವುದು ಜಾಸ್ತಿ ಈ ಹೆದರಿಕೆಯಿಂದಲೇ. ಆದರೆ ನಾವು ಉತ್ತರ ಕೊಡದೆ ಕಳಿಸಿದ ಹುಡುಗ ಅದೇ ಫೋನಿಗೇ ವಾಪಸ್ ಹೋಗುತ್ತಾನೆ ಅಲ್ವಾ?

ನಾಲ್ಕನೇ ವಾರ ಅವನ ಮನೆಗೆ ಹೋದೆ. ಅವನ ಅಮ್ಮ ಚಹಾ ಮಾಡಲು ಒಳಗೆ ಹೋದರು. "ತಮ್ಮಾ, ನಂದು ತಪ್ಪಾತು. ನೀ ಕೇಳಿದ್ದು ಸರಿ ಇತ್ತು" ಅಂದೆ. ಅವನು ತಲೆ ಎತ್ತಲಿಲ್ಲ. ಕುರ್‌ಆನಿನ ಕನ್ನಡ ಅನುವಾದ ನನ್ನ ಚೀಲದಲ್ಲಿತ್ತು. ತೌಬಾ ಅಧ್ಯಾಯ ತೆಗೆದು ಅವನ ಕೈಗೇ ಕೊಟ್ಟೆ. "ವಿಡಿಯೋದಾಗ ಹೇಳಿದ್ದು ಐದನೇ ಆಯತ್ತು. ನೀ ನಾಲ್ಕು, ಐದು, ಆರು ಮೂರೂ ಓದು" ಅಂದೆ.

ಅವನು ಬೆರಳಿಟ್ಟು ಓದಿದ. ನಾಲ್ಕನೆಯದು ಹೇಳುವುದು ಇಷ್ಟು: ನಿಮ್ಮ ಜೊತೆ ಒಪ್ಪಂದ ಮಾಡಿಕೊಂಡು ಅದನ್ನು ಮುರಿಯದ ಬಹುದೇವಾರಾಧಕರಿಗೆ ಈ ಮಾತು ಅನ್ವಯಿಸುವುದಿಲ್ಲ, ಅವರ ಒಪ್ಪಂದವನ್ನು ನೀವೂ ಪೂರ್ತಿ ಪಾಲಿಸಿ. ಆರನೆಯದು ಇನ್ನೂ ಮುಂದೆ ಹೋಗುತ್ತದೆ. ಅವರಲ್ಲಿ ಯಾರಾದರೂ ಆಶ್ರಯ ಕೇಳಿಕೊಂಡು ಬಂದರೆ ಆಶ್ರಯ ಕೊಡಿ, ಆಮೇಲೆ ಅವನಿಗೆ ಸುರಕ್ಷಿತವಾದ ಜಾಗಕ್ಕೆ ತಲುಪಿಸಿ. ಹದಿಮೂರನೇ ಆಯತ್ತು ಯಾರ ಬಗ್ಗೆ ಈ ಮಾತು ಅಂತ ಬಿಡಿಸಿ ಹೇಳುತ್ತದೆ: ಮಾತು ಮುರಿದು, ತಾವೇ ಮೊದಲು ಜಗಳ ತೆಗೆದವರು. ಹುಡುಗ ಆರನೆಯದನ್ನು ಎರಡು ಸಲ ಓದಿದ. "ಇದನ್ನ ಯಾಕ ತೋರಿಸಲಿಲ್ರಿ ಅಂವ?" ಅಂದ. ಚಹಾ ಆರಿಹೋಗಿತ್ತು.

ನಮ್ಮ ಕೂಟ ಶುರುವಾಗಿದ್ದು ಹೀಗೆ. ಪ್ರತಿ ಭಾನುವಾರ ರಾತ್ರಿಯ ಇಶಾ ನಮಾಜ್ ಆದಮೇಲೆ ಒಂದು ತಾಸು. ಮೊದಲು ಐದು ಹುಡುಗರಿದ್ದರು, ಆಮೇಲೆ ಹದಿನೈದರ ತನಕ ಬಂದರು. ಕಟ್ಟಳೆ ಒಂದೇ: ಯಾವ ವಿಡಿಯೋ ಬೇಕಾದರೂ ತರಬಹುದು, ಯಾವ ಪ್ರಶ್ನೆ ಬೇಕಾದರೂ ಕೇಳಬಹುದು. ಅದರಲ್ಲಿರುವ ಆಯತ್ತಿನ ಹಿಂದಿನದ್ದು, ಮುಂದಿನದ್ದು ಓದದೆ ಯಾರೂ ಏಳುವಂತಿಲ್ಲ.

ಭಾಷೆಯ ಬಗ್ಗೆ ಒಂದು ಮಾತು. ನಮ್ಮ ಮನೆಗಳಲ್ಲಿ ಆಡುವುದು ದಖನಿ ಉರ್ದು, ಮಕ್ಕಳು ಓದಿದ್ದು ಕನ್ನಡ ಶಾಲೆಯಲ್ಲಿ. ಉರ್ದು ಅಕ್ಷರ ಬರುವುದಿಲ್ಲ, ಅರಬ್ಬಿ ಓದುತ್ತಾರೆ, ಅರ್ಥ ಗೊತ್ತಿಲ್ಲ. ಹಾಗಾಗಿ ಧರ್ಮವೆಂದರೆ ಅವರಿಗೆ ಕಿವಿಯಿಂದ ಬಂದದ್ದಷ್ಟೇ. ಯಾರು ಗಟ್ಟಿಯಾಗಿ ಹೇಳುತ್ತಾರೋ ಅವರೇ ಸರಿ ಅನಿಸುತ್ತದೆ. ಕನ್ನಡದಲ್ಲಿ ತಾವೇ ಓದಿದ ದಿನ ಆ ಹುಡುಗರ ಮುಖ ನೋಡಬೇಕಿತ್ತು.

ಅವರನ್ನು ತುಂಬಾ ಅಲ್ಲಾಡಿಸಿದ್ದು ಹಜ್ರತ್ ಅಲಿಯವರ ಸಾವು. ಕ್ರಿ.ಶ. 661ರಲ್ಲಿ ಕೂಫಾ ಮಸೀದಿಯಲ್ಲಿ ಅವರ ಮೇಲೆ ಕತ್ತಿ ಎತ್ತಿದವನು ಖಾರಿಜಿಗಳು ಅನ್ನುವ, ಅಲಿಯವರ ಪಕ್ಷ ಬಿಟ್ಟು ಹೊರಟ ಗುಂಪಿನವನು. ಖಾರಿಜಿಗಳು ನಮಾಜ್ ಬಿಡುತ್ತಿರಲಿಲ್ಲ, ಕುರ್‌ಆನ್ ಬಾಯಿಪಾಠ ಇತ್ತು. ತಮ್ಮ ಮಾತು ಒಪ್ಪದ ಮುಸ್ಲಿಮರನ್ನೆಲ್ಲ ಕಾಫಿರ್, ಅಂದರೆ ಧರ್ಮ ನಂಬದವರು, ಅಂದರು, ಪ್ರವಾದಿಯವರ ಅಳಿಯ ಅಲಿಯವರನ್ನೂ ಬಿಡಲಿಲ್ಲ. 2014ರಲ್ಲಿ ಐಸಿಸ್‌ನವರು ಖಿಲಾಫತ್ ಅಂತ ಘೋಷಿಸಿದಾಗ ಬೇರೆ ಬೇರೆ ದೇಶಗಳ ನೂರಕ್ಕೂ ಹೆಚ್ಚು ಆಲಿಮರು, ಅಂದರೆ ಧರ್ಮ ವಿದ್ವಾಂಸರು, ಅವರ ನಾಯಕ ಬಗ್ದಾದಿಗೆ ಬಹಿರಂಗ ಪತ್ರ ಬರೆದು, ಒಂದೊಂದೇ ವಿಷಯ ಹಿಡಿದು ಇದು ಇಸ್ಲಾಂ ಅಲ್ಲ ಅಂತ ತೋರಿಸಿದರು. ಅದನ್ನೂ ಕೂತು ಓದಿದೆವು. ಇನ್ನೊಬ್ಬರಿಗೆ ಕಾಫಿರ್ ಅಂತ ಹಣೆಪಟ್ಟಿ ಹಚ್ಚುವ ಹಕ್ಕು ನಮಗ್ಯಾರಿಗೂ ಇಲ್ಲ ಅನ್ನುವುದು ಆ ರಾತ್ರಿ ಹುಡುಗರಿಗೆ ಹತ್ತಿತು.

ನಮ್ಮ ಮಸೀದಿ ಜಮಾತಿನ ಕೆಲವು ಹಿರಿಯರಿಗೆ ಇದು ಸರಿ ಬರಲಿಲ್ಲ. "ಮಾಸ್ತರ್ರ, ಸುಮ್ನ ಯಾಕ ಇಲ್ಲದ್ದು ಮೈಮ್ಯಾಲ ಎಳಕೋತೀರಿ?" ಅಂದರು. ನಾನು ವಾದ ಮಾಡಲಿಲ್ಲ. ಕೂಟವನ್ನು ನಮ್ಮ ಮನೆಯ ಮಾಳಿಗೆಗೆ ತಂದೆ.

ಬರೀ ಆಯತ್ತು ಓದಿದರೆ ಎಲ್ಲ ಸರಿಹೋಗುತ್ತದೆ ಅಂತ ನಾನು ನಂಬಿದ್ದೆ. ಅದು ತಪ್ಪು. ಒಬ್ಬ ಹುಡುಗ ಹುಬ್ಬಳ್ಳಿಯಲ್ಲಿ ಬಾಡಿಗೆ ಖೋಲಿ ಹುಡುಕಲು ಹೋಗಿದ್ದ. ಹೆಸರು ಹೇಳಿದ ಕೂಡಲೇ ಖೋಲಿ ಇಲ್ಲ ಅಂದರಂತೆ. ಮೂರು ಕಡೆ ಹೀಗೇ ಆಯಿತು. ಅವನು ಆ ಭಾನುವಾರ ಕಣ್ಣು ಕೆಂಪು ಮಾಡಿಕೊಂಡು ಕೂತಿದ್ದ. ಆ ಹೊತ್ತಿನಲ್ಲಿ ಸಹನೆಯ ಪಾಠ ಹೇಳಿದ್ದರೆ ಅವನು ಎದ್ದು ಹೋಗುತ್ತಿದ್ದ, ಮತ್ತೆ ಬರುತ್ತಿರಲಿಲ್ಲ. ಅಂದು ಪುಸ್ತಕ ತೆಗೆಯಲೇ ಇಲ್ಲ, ಅವನ ಮಾತು ಕೇಳಿದೆವು. ಮರುದಿನ ನನ್ನ ಹಳೇ ಸಹೋದ್ಯೋಗಿ, ಲಿಂಗಾಯತರು, ಅವರಿಗೆ ಫೋನ್ ಮಾಡಿದೆ. ಅವರು ತಮ್ಮ ತಂಗಿಯ ಮನೆಯ ಮ್ಯಾಲಿನ ಖೋಲಿ ಕೊಡಿಸಿದರು. ನನ್ನ ಹತ್ತು ಭಾನುವಾರದ ಮಾತಿಗಿಂತ ಆ ಒಂದು ಖೋಲಿ ದೊಡ್ಡ ಕೆಲಸ ಮಾಡಿತು.

ಅದೇ ವರ್ಷ ಹುಡುಗರನ್ನು ಶಿಶುನಾಳಕ್ಕೆ ಕರೆದುಕೊಂಡು ಹೋದೆ. ಶರೀಫರು ಇಮಾಮ್ ಸಾಹೇಬರ ಮಗ, 1819ರಲ್ಲಿ ಹುಟ್ಟಿದವರು, ಮುಲ್ಕಿ ಪರೀಕ್ಷೆ ಪಾಸಾಗಿ ಸಾಲಿ ಮಾಸ್ತರಿಕೆ ಮಾಡಿದವರು. ಅವರ ಗುರು ಕಳಸದ ಗೋವಿಂದ ಭಟ್ಟರು, ಬ್ರಾಹ್ಮಣರು. ಎರಡೂ ಕಡೆಯವರು ಸಿಟ್ಟಾದರೂ ಇಬ್ಬರೂ ಬಿಡಲಿಲ್ಲ ಅಂತ ನಮ್ಮ ಕಡೆ ಇಂದಿಗೂ ಹೇಳುತ್ತಾರೆ. ಗದ್ದುಗೆಯ ಹತ್ತಿರ ಒಬ್ಬ ಅಜ್ಜಿ ಕಾಯಿ ಒಡೆಸುತ್ತಿದ್ದಳು, ಪಕ್ಕದಲ್ಲೇ ಒಬ್ಬರು ಫಾತಿಹಾ ಓದುತ್ತಿದ್ದರು. ನಾನು ಏನೂ ವಿವರಿಸಲಿಲ್ಲ.

ಬರುವಾಗ ಬಸ್ಸಿನಲ್ಲಿ ಆ ಮೊಬೈಲ್ ಅಂಗಡಿ ಹುಡುಗ ಹೇಳಿದ: "ಸರ್, ನನಗ ಗೋರಿಗೆ ಕೈ ಮುಗಿಯೋದು ಒಪ್ಪಂಗಿಲ್ರಿ." "ಮುಗೀಬ್ಯಾಡ. ಮುಗಿಯೋರಿಗೆ ಬೈಬ್ಯಾಡ" ಅಂದೆ. ಪ್ರವಾದಿಯವರ ಎದುರು ಒಂದು ಶವಯಾತ್ರೆ ಹೋಯಿತು, ಅವರು ಎದ್ದು ನಿಂತರು. ಅದು ಯಹೂದಿಯ ಶವ ಅಂತ ಯಾರೋ ಅಂದಾಗ "ಅದೂ ಒಂದು ಜೀವ ಅಲ್ಲವೇ?" ಅಂದರು. ಬುಖಾರಿ ಸಂಗ್ರಹದಲ್ಲಿರುವ ಈ ಹದೀಸ್, ಅಂದರೆ ಪ್ರವಾದಿಯವರ ನಡೆನುಡಿಯ ವರದಿ, ಅವನಿಗೆ ಗೊತ್ತಿತ್ತು. ಕೂಟದಲ್ಲಿ ಅವನೇ ಓದಿದ್ದ.

ಕಳೆದ ಮೊಹರಮ್ಮಿಗೆ ನಮ್ಮ ಓಣಿಯಲ್ಲಿ ಪಂಜಾ, ಅಂದರೆ ಹಸ್ತದ ಆಕಾರದ ಲಾಂಛನ, ಹೊರಟಿತು. ಹೊತ್ತವರು ಗೌಡರ ಮನೆಯವರು, ಅವರ ಅಪ್ಪನ ಕಾಲದಿಂದ ಹೊರುತ್ತಾರೆ. ಹಲಗೆ ಸದ್ದಿಗೆ ಹುಡುಗರು ಹೆಜ್ಜೆ ಹಾಕುತ್ತಿದ್ದರು, ಹೆಣ್ಣುಮಕ್ಕಳು ಚೊಂಗೆಯ ಸಿಹಿ ಹಿಡಿದು ನಿಂತಿದ್ದರು. ಎರಡು ವರ್ಷದ ಹಿಂದೆ ಇದೆಲ್ಲ ಹರಾಮ್ ಅಂತ ಜಗಳಕ್ಕೆ ನಿಂತಿದ್ದ ಆ ಮೊಬೈಲ್ ಅಂಗಡಿ ಹುಡುಗ ಈ ಸಲ ಅಂಗಡಿ ಮುಂದೆ ದೊಡ್ಡ ಕೊಡ ಇಟ್ಟುಕೊಂಡು ಶರಬತ್ ಹಂಚುತ್ತಿದ್ದ. ಪಂಜಾ ಹತ್ತಿರ ಬಂದಾಗ ಅವನು ಕೈ ಮುಗಿಯಲಿಲ್ಲ. ಪಂಜಾ ಹೊತ್ತ ಗೌಡರಿಗೆ ಬೆವರು ಇಳಿಯುತ್ತಿತ್ತು. ಹುಡುಗ ಗ್ಲಾಸು ತುಂಬಿ ತಂದು, ಅವರ ಕೈ ಖಾಲಿ ಇರಲಿಲ್ಲವಲ್ಲ, ಬಾಯಿಗೇ ಹಿಡಿದು ಕುಡಿಸಿದ.