ಮುನ್ನೂರು ವರ್ಷ ಹಳೆಯ ಲಂಡನ್ ಪತ್ರಿಕೆಯನ್ನು ಓದುವ ಬಗೆ

ವಿದ್ಯಾರ್ಥಿಗಳು ಹದಿನೆಂಟನೆಯ ಶತಮಾನದ ಆರಂಭದ ಇಂಗ್ಲಿಷ್ ಪತ್ರಿಕೆಯ ಪ್ರತಿ ಹಿಡಿದು ಬಂದಾಗ ನಾನು ಹೇಳುವ ಮೊದಲ ಮಾತು ಒಂದೇ: ಸುದ್ದಿಯನ್ನು ಆಮೇಲೆ ಓದಿ, ಮೊದಲು ತಾರೀಖು ನೋಡಿ. ಇಪ್ಪತ್ತೆರಡು ವರ್ಷ ಇತಿಹಾಸ ಪಾಠ ಮಾಡಿದ್ದೇನೆ. ದಾರಿ ತಪ್ಪುವವರು ಹೆಚ್ಚಾಗಿ ಅಲ್ಲಿಯೇ ತಪ್ಪುತ್ತಾರೆ.

ಲಂಡನ್ನಿನ ಮೊದಲ ದಿನಪತ್ರಿಕೆ ‘ಡೈಲಿ ಕೊರಾಂಟ್’ ಹೊರಬಂದದ್ದು 1702ರ ಮಾರ್ಚ್ 11, ಬುಧವಾರ. ಒಂದೇ ಹಾಳೆ, ಒಂದೇ ಮಗ್ಗುಲಿಗೆ ಅಚ್ಚು. ಅದರಲ್ಲಿ ಹಾಲೆಂಡಿನ ಹಾರ್ಲೆಮ್ ಪತ್ರಿಕೆಯಿಂದ ಎತ್ತಿಕೊಂಡ ಸುದ್ದಿಯ ಮೇಲೆ ಮಾರ್ಚ್ 18 ಎಂದಿದೆ. 11ರ ಪತ್ರಿಕೆಗೆ 18ರ ಸುದ್ದಿ ಎಲ್ಲಿಂದ ಬಂತು? ತಾರೀಖಿನ ಪಕ್ಕದ ಎರಡು ಅಕ್ಷರಗಳನ್ನು ನೋಡಿ: ಎನ್.ಎಸ್., ಅಂದರೆ ಹೊಸ ಪದ್ಧತಿ. ಹಾಲೆಂಡ್ ಆಗಲೇ ಗ್ರೆಗೋರಿಯನ್ ಪಂಚಾಂಗಕ್ಕೆ ಬದಲಾಗಿತ್ತು. ಇಂಗ್ಲೆಂಡ್ 1752ರವರೆಗೂ ಹಳೆಯ ಜೂಲಿಯನ್ ಲೆಕ್ಕವನ್ನು ಬಿಡಲಿಲ್ಲ. ಎರಡರ ನಡುವಿನ ಅಂತರ 11 ದಿನ. 18ರಿಂದ 11 ಕಳೆದರೆ ಲಂಡನ್ ಲೆಕ್ಕದಲ್ಲಿ ಮಾರ್ಚ್ 7. ಹಾರ್ಲೆಮ್‌ನ ಸುದ್ದಿ ನಾಲ್ಕೇ ದಿನಗಳಲ್ಲಿ ಕಡಲು ದಾಟಿ, ಅನುವಾದವಾಗಿ, ಅಚ್ಚಾಗಿದೆ! ಈ ಕಳೆಯುವ ಲೆಕ್ಕ ಮಾಡಿದಾಗಲೆಲ್ಲ ಆ ಅಚ್ಚುಮನೆಯ ಅವಸರ ಕಣ್ಣಿಗೆ ಕಟ್ಟುತ್ತದೆ.

ಎರಡನೆಯ ತೊಡಕು ವರ್ಷದ್ದು. ಇಂಗ್ಲೆಂಡಿನ ಕಾನೂನಿನ ಪ್ರಕಾರ ಹೊಸ ವರ್ಷ ಹುಟ್ಟುತ್ತಿದ್ದದ್ದು ಮಾರ್ಚ್ 25ಕ್ಕೆ. ಮೂರನೆಯ ವಿಲಿಯಂ ತೀರಿಕೊಂಡು ಆ್ಯನ್ ಪಟ್ಟಕ್ಕೆ ಬಂದ ಮಾರ್ಚ್ 8 ನಮಗೆ 1702. ಆ ಲೆಕ್ಕದಲ್ಲಿ ಇನ್ನೂ 1701. ಎಚ್ಚರದ ಬರಹಗಾರರು 1701/2 ಎಂದು ಎರಡನ್ನೂ ಬರೆಯುತ್ತಿದ್ದರು, ಎಲ್ಲರೂ ಅಲ್ಲ. ನನ್ನ ಮೊದಲ ಪ್ರಬಂಧದಲ್ಲಿ, 1719ರ ಫೆಬ್ರುವರಿ ಎಂದಿದ್ದ ವರ್ತಕನೊಬ್ಬನ ಪತ್ರವನ್ನು ಅದೇ ವರ್ಷದ ಬೇಸಿಗೆಯ ನೇಕಾರರ ಗಲಭೆಗೆ ಮುನ್ಸೂಚನೆ ಎಂದು ವಿವರಿಸಿದ್ದೆ. ನಿಜಕ್ಕೂ ಅದು ನಮ್ಮ 1720ರ ಪತ್ರ, ಗಲಭೆ ಆದ ಮೇಲಿನದು. ಪ್ರಬಂಧದ ವಾದವೇ ಕುಸಿಯಿತು. ಆದ್ದರಿಂದ ಜನವರಿ 1ರಿಂದ ಮಾರ್ಚ್ 24ರವರೆಗಿನ ಯಾವುದೇ ತಾರೀಖನ್ನು ಟಿಪ್ಪಣಿ ಪುಸ್ತಕಕ್ಕೆ ಇಳಿಸುವಾಗ ಎರಡೂ ವರ್ಷಗಳನ್ನು ಬರೆದುಕೊಳ್ಳಿ.

ಅಕ್ಷರಗಳಿಗೆ ಒಂದು ಸಂಜೆಯ ಅಭ್ಯಾಸ ಸಾಕು. ಪದದ ಆರಂಭದಲ್ಲೂ ನಡುವೆಯೂ ಬರುವ ಎಸ್ ಅಕ್ಷರ ಎಫ್‌ನಂತೆ ಉದ್ದವಾಗಿರುತ್ತದೆ. ಅಡ್ಡಗೀಟು ಮಾತ್ರ ಕಂಬವನ್ನು ದಾಟಿ ಬಲಕ್ಕೆ ಬಂದಿರುವುದಿಲ್ಲ. ‘ಫಿಲ್ಕ್’ ಎಂದು ಕಂಡರೆ ಸಿಲ್ಕ್. ‘ಫೋಲ್ಡ್’ ಎಂದು ಕಂಡದ್ದು ‘ಸೋಲ್ಡ್’, ಅಂದರೆ ಮಾರಾಟವಾಯಿತು ಎಂದಿರಬಹುದು.

ಹಣದ ಲೆಕ್ಕ: 12 ಪೆನ್ಸ್‌ಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ ಒಂದು ಪೌಂಡ್. ಟಂಕಸಾಲೆಯ ಮುಖ್ಯಸ್ಥರಾಗಿದ್ದ ನ್ಯೂಟನ್ ಅವರ ವರದಿಯ ನಂತರ, 1717ರ ಕೊನೆಯಲ್ಲಿ, ಚಿನ್ನದ ಗಿನಿ ನಾಣ್ಯದ ಬೆಲೆ 21 ಶಿಲ್ಲಿಂಗ್‌ಗೆ ನಿಂತಿತು. ಇವನ್ನು ಇಂದಿನ ರೂಪಾಯಿಗೆ ಪರಿವರ್ತಿಸಲು ಹೋಗಬೇಡಿ, ಆ ಕಾಲದ ಬೆಲೆಗಳ ಜೊತೆಗೇ ಹೋಲಿಸಿ. ಕಾಫಿಮನೆಯೊಳಗೆ ಕೂರಲು ಒಂದು ಪೆನ್ನಿ. 1712ರ ಸ್ಟಾಂಪ್ ಕಾಯ್ದೆ ಅರ್ಧ ಹಾಳೆಯ ಪತ್ರಿಕೆಗೆ ಅರ್ಧ ಪೆನ್ನಿ ತೆರಿಗೆ ಹಾಕಿದರೆ, ಪ್ರತಿ ಜಾಹೀರಾತಿಗೂ ಒಂದು ಶಿಲ್ಲಿಂಗ್ ವಸೂಲಿ ಮಾಡಿತು. ದಕ್ಷಿಣ ಅಮೆರಿಕದ ವ್ಯಾಪಾರಕ್ಕೆಂದು ಹುಟ್ಟಿದ ಸೌತ್ ಸೀ ಕಂಪನಿಯ 100 ಪೌಂಡ್ ಮುಖಬೆಲೆಯ ಷೇರು 1720ರ ಜನವರಿಯಲ್ಲಿ 128ರ ಆಸುಪಾಸಿನಲ್ಲಿತ್ತು. ಬೇಸಿಗೆಯಲ್ಲಿ ಸಾವಿರದ ಹತ್ತಿರಕ್ಕೆ ಹೋಗಿ, ವರ್ಷ ಮುಗಿಯುವಷ್ಟರಲ್ಲಿ 200ರ ಮಟ್ಟಕ್ಕೆ ಬಿದ್ದಿತ್ತು. ಆ ವರ್ಷದ ಪತ್ರಿಕೆ ಸಿಕ್ಕರೆ ಷೇರಿನ ದರವನ್ನು ದಿನದಿನವೂ ಬರೆದಿಡಿ.

ವಿಗ್, ಟೋರಿ ಎಂಬ ಆ ಕಾಲದ ಎರಡು ರಾಜಕೀಯ ಪಕ್ಷಗಳ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. 1694ರಲ್ಲಿ ಹುಟ್ಟಿದ ಬ್ಯಾಂಕ್ ಆಫ್ ಇಂಗ್ಲೆಂಡ್ ವಿಗ್ ಪಕ್ಷದವರಿಗೆ ಹತ್ತಿರ. ಸೌತ್ ಸೀ ಕಂಪನಿಯನ್ನು 1711ರಲ್ಲಿ ಕಟ್ಟಿದ್ದು ರಾಬರ್ಟ್ ಹಾರ್ಲಿಯ ಟೋರಿ ಸರ್ಕಾರ. ಆ್ಯನ್ ರಾಣಿಯ ಕಾಲದ ಪತ್ರಿಕೆ ಯಾವುದನ್ನು ಹೊಗಳುತ್ತದೆ ಎಂದು ನೋಡಿದರೆ ಅದರ ಒಲವು ಬಹುಮಟ್ಟಿಗೆ ತಿಳಿಯುತ್ತದೆ.

ನಿಧಾನವಾಗಿ ಓದಬೇಕಾದದ್ದು ಜಾಹೀರಾತುಗಳನ್ನು. ನನ್ನ ಮಟ್ಟಿಗೆ ಆ ಕಾಲದ ಇಂಗ್ಲೆಂಡ್ ಅತ್ಯಂತ ನಿಚ್ಚಳವಾಗಿ ಕಾಣುವುದು ಅಲ್ಲಿಯೇ. ಲೆಡೆನ್‌ಹಾಲ್ ಬೀದಿಯ ಈಸ್ಟ್ ಇಂಡಿಯಾ ಕಂಪನಿಯಲ್ಲಿ ಮೇಣದಬತ್ತಿ ಹಚ್ಚಿಟ್ಟು ಹರಾಜು ನಡೆಯುತ್ತಿತ್ತು. ಜ್ವಾಲೆ ಆರುವ ಮುನ್ನ ಕೊನೆಯದಾಗಿ ಕೂಗಿದವನಿಗೆ ಸರಕು. ಅಲ್ಲಿ ಮಾರಿದ ಮೆಣಸಿನಲ್ಲಿ ಒಂದು ಪಾಲು ನಮ್ಮ ಪಶ್ಚಿಮ ಕರಾವಳಿಯದು. ಕಾರವಾರದಲ್ಲಿ ಕಂಪನಿಯ ಕೋಠಿಯೇ ಇತ್ತು. ಇಂಡಿಯಾದ ಹತ್ತಿಬಟ್ಟೆ ಕಂಡರೆ ಮತ್ತೆ ತಾರೀಖಿಗೆ ಹೋಗಿ. 1700ರ ಕಾಯ್ದೆ ಇಲ್ಲಿಂದ ಹೋದ ಬಣ್ಣದ, ಅಚ್ಚೊತ್ತಿದ ಬಟ್ಟೆಯನ್ನು ಇಂಗ್ಲೆಂಡಿನಲ್ಲಿ ಬಳಸದಂತೆ ತಡೆಯಿತು. ಮರುರಫ್ತಿಗೆ ಮಾತ್ರ ಅವಕಾಶ. ಬಿಳಿಬಟ್ಟೆ ಬರುತ್ತಲೇ ಇತ್ತು, ಲಂಡನ್ನಿನವರೇ ಅದಕ್ಕೆ ಅಚ್ಚೊತ್ತಿ ಮಾರತೊಡಗಿದರು. ಇದರಿಂದ ಹೊಟ್ಟೆಪಾಡು ಕಳೆದುಕೊಂಡ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ನೇಕಾರರು 1719ರಲ್ಲಿ ಅಂಥ ಬಟ್ಟೆ ತೊಟ್ಟ ಹೆಂಗಸರ ಮೇಲೆ ಬೀದಿಯಲ್ಲೇ ಬಿದ್ದು ಉಡುಪು ಹರಿದರು. 1721ರ ಕಾಯ್ದೆ, 1722ರ ಡಿಸೆಂಬರ್ 25ರಿಂದ, ಅದನ್ನೂ ತೊಡದಂತೆ ಮಾಡಿತು. ತೆಳು ಹತ್ತಿಬಟ್ಟೆಯಾದ ಮಸ್ಲಿನ್ನಿಗೂ ಪೂರ್ತಿ ನೀಲಿ ಬಣ್ಣ ಹಾಕಿದ ಬಟ್ಟೆಗೂ ವಿನಾಯಿತಿ ಇತ್ತು. ಹಾಗಾಗಿ ಜಾಹೀರಾತಿನ ಬಟ್ಟೆ ಬಿಳಿಯೇ, ನೀಲಿಯೇ, ಅಚ್ಚಿನದೇ ಎಂಬುದನ್ನು ಬಿಡದೆ ಗುರುತು ಹಾಕಿಕೊಳ್ಳಿ.

ಉಳಿಯುವುದು ಇಂಗ್ಲೆಂಡಿನ ಆಗ್ನೇಯ ಕರಾವಳಿಯ ಡೀಲ್ ಊರಿನಿಂದ ಬರುವ ಪುಟ್ಟ ವರದಿ: ಗಾಳಿ ಯಾವ ಕಡೆಯಿಂದ, ಯಾವ ಹಡಗುಗಳು ಲಂಗರು ಹಾಕಿವೆ. ನೈಋತ್ಯದ ಗಾಳಿಯಿದ್ದರೆ ಪಶ್ಚಿಮಕ್ಕೆ ಹೋಗಬೇಕಾದ ಹಡಗುಗಳು ಅಲ್ಲೇ ವಾರಗಟ್ಟಲೆ ಕಾಯಬೇಕಿತ್ತು. ಗಾಳಿಯ ದಿಕ್ಕನ್ನು ಬರೆದುಕೊಂಡು ಮುಂದಿನ ಸಂಚಿಕೆಗಳನ್ನು ತೆರೆಯುತ್ತಾ ಹೋಗಿ. ಗಾಳಿ ಪೂರ್ವಕ್ಕೆ ತಿರುಗಿದ ದಿನ ಆ ಹಡಗುಗಳು ಹಾಯಿ ಬಿಚ್ಚಿ ಹೊರಟದ್ದನ್ನು ನೀವೇ ಕಾಣುತ್ತೀರಿ.