ಯಾರ ಕೈಗೆ ಬೆನ್ನು ಕೊಡಬೇಕು? ಮುಂಬಯಿಯಲ್ಲಿ ಆಸ್ಟಿಯೋಪಥಿ ಹುಡುಕುವವರಿಗೆ

ಸೊಂಟ ಹಿಡಿದಾಗ, ಕತ್ತು ತಿರುಗದೇ ಹೋದಾಗ ಕೈಯಿಂದಲೇ ಮುಟ್ಟಿ ನೋಡಿ ಚಿಕಿತ್ಸೆ ಕೊಡುವ ಆಸ್ಟಿಯೋಪಥಿಯವರು ಬೇಕು ಅಂತ ಮುಂಬಯಿಯಲ್ಲಿ ಹುಡುಕಿದರೆ ಮೊದಲ ತೊಡಕು ಬೋರ್ಡಿನಲ್ಲೇ ಎದುರಾಗುತ್ತದೆ. ಆಸ್ಟಿಯೋಪಥಿ ಓದಿದವರು ಹೆಸರಿನ ಪಕ್ಕದಲ್ಲಿ ‘ಡಿ.ಒ.’ ಅಂತ ಹಾಕುತ್ತಾರೆ, ಆದರೆ ಹಾಗೆ ಹಾಕಿದವರು ಕಣ್ಣಿನ ಡಾಕ್ಟರೂ ಆಗಿರಬಹುದು, ನೇತ್ರಚಿಕಿತ್ಸೆಯ ಡಿಪ್ಲೊಮಾಕ್ಕೂ ನಮ್ಮಲ್ಲಿ ಅದೇ ಎರಡಕ್ಷರ. ಅಮೆರಿಕದ ಡಿ.ಒ. ಔಷಧಿ ಬರೆಯುವ, ಆಪರೇಷನ್ನೂ ಮಾಡಬಲ್ಲ ಪೂರ್ಣ ವೈದ್ಯ. ಬ್ರಿಟನ್ನಿನ ಆಸ್ಟಿಯೋಪಥ್ ಹಾಗಲ್ಲ, ಅವರದು ಮುಖ್ಯವಾಗಿ ಕೈಚಿಕಿತ್ಸೆ. ಆದರೆ 1993ರ ಕಾಯ್ದೆಯಂತೆ ಅಲ್ಲಿನ ಜನರಲ್ ಆಸ್ಟಿಯೋಪಥಿಕ್ ಕೌನ್ಸಿಲ್‌ನಲ್ಲಿ ಹೆಸರಿರಲೇಬೇಕು. ಭಾರತದಲ್ಲಿ ಆಸ್ಟಿಯೋಪಥಿಗೆಂದೇ ಅಂಥ ಕೌನ್ಸಿಲ್ ಇಲ್ಲ. ಹಾಗಾಗಿ ಆ ಹೆಸರಿನ ಬೋರ್ಡು ಮಾತ್ರ ನೋಡಿ ಒಳಗೆ ಹೋಗುವ ಹಾಗಿಲ್ಲ.

ಮೊದಲು ಮೂಲ ಡಿಗ್ರಿ ಕೇಳಿ, ಆಸ್ಟಿಯೋಪಥಿಯ ಮಾತು ಆಮೇಲೆ. ಇಲ್ಲಿ ಈ ಕೆಲಸ ಮಾಡುವವರಲ್ಲಿ ಫಿಸಿಯೋಥೆರಪಿಸ್ಟರೇ ಹೆಚ್ಚು. ಬಿಪಿಟಿ, ಅಂದರೆ ಫಿಸಿಯೋಥೆರಪಿಯ ಪದವಿ ಆಗಿರಬೇಕು, ಅದರ ಮೇಲೆ ಮಸ್ಕ್ಯುಲೋಸ್ಕೆಲಿಟಲ್ (ಮೂಳೆ, ಕೀಲು, ಸ್ನಾಯು) ವಿಷಯದಲ್ಲಿ ಎಂಪಿಟಿ ಎಂಬ ಸ್ನಾತಕೋತ್ತರ ಪದವಿ ಆಗಿದ್ದರೆ ಇನ್ನೂ ಒಳ್ಳೆಯದು. ಮಹಾರಾಷ್ಟ್ರದಲ್ಲಿ ಇವರು ಆಕ್ಯುಪೇಷನಲ್ ಥೆರಪಿ ಮತ್ತು ಫಿಸಿಯೋಥೆರಪಿಯ ರಾಜ್ಯ ಕೌನ್ಸಿಲ್‌ನಲ್ಲಿ, ಎಂಬಿಬಿಎಸ್ ಆದವರು ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಂದಾಯಿಸಿರುತ್ತಾರೆ. ಫೋನಿನಲ್ಲೇ ನಂಬರ್ ಕೇಳಿ. ಸರಿಯಾದವರು ಬೇಜಾರಿಲ್ಲದೆ ಹೇಳುತ್ತಾರೆ. ಹೆಸರಿನ ಹಿಂದೆ ‘ಡಾ.’ ಇದ್ದಮಾತ್ರಕ್ಕೆ ಎಂಬಿಬಿಎಸ್ ಅಂದುಕೊಳ್ಳಬೇಡಿ.

ಎರಡನೆಯ ಪ್ರಶ್ನೆ: ಆಸ್ಟಿಯೋಪಥಿ ಎಲ್ಲಿ ಕಲಿತಿರಿ, ಎಷ್ಟು ಗಂಟೆಯ ಕೋರ್ಸು? ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಪ್ರಕಟಿಸಿದ ಮಾನದಂಡದಲ್ಲಿ ಹೊಸಬರಿಗೆ 4200 ಗಂಟೆ, ಮೊದಲೇ ವೈದ್ಯಕೀಯ ಹಿನ್ನೆಲೆ ಇದ್ದವರಿಗೆ ಸುಮಾರು 1000 ಗಂಟೆಯ ತರಬೇತಿ ಹೇಳಿದೆ. ಶನಿವಾರ–ಭಾನುವಾರದ ವರ್ಕ್‌ಶಾಪಿನ ಸರ್ಟಿಫಿಕೇಟು ಗೋಡೆಗೆ ಚೆಂದ, ಅಷ್ಟೇ. ಬ್ರಿಟನ್ನಿನಲ್ಲಿ ನೋಂದಣಿ ಇದೆ ಎಂದರೆ ಅಲ್ಲಿನ ಕೌನ್ಸಿಲ್ಲಿನ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಬಹುದು.

ಮ್ಯಾಪಿನಲ್ಲಿ ಹುಡುಕಿದರೆ ಬೆನ್ನುಮೂಳೆ ಒತ್ತಿ ಚಿಕಿತ್ಸೆ ಕೊಡುವ ಕೈರೋಪ್ರ್ಯಾಕ್ಟರ್, ಸ್ಪಾ, ಮೂಳೆ ಕೂರಿಸುವವರು ಎಲ್ಲರೂ ಒಟ್ಟಿಗೇ ಬರುತ್ತಾರೆ. ಅದಕ್ಕಿಂತ ಪರೇಲಿನ ಕೆಇಎಂ, ಸಯನ್ ಅಥವಾ ನಾಯರ್ ಆಸ್ಪತ್ರೆಯ ಆರ್ಥೋಪೆಡಿಕ್ ಓಪಿಡಿಯಿಂದ ಶುರುಮಾಡುವುದು ಒಳ್ಳೆಯದು. ಹಾಜಿ ಅಲಿಯಲ್ಲಿ ಕೇಂದ್ರ ಸರ್ಕಾರದ ಫಿಸಿಕಲ್ ಮೆಡಿಸಿನ್ ಮತ್ತು ಪುನರ್ವಸತಿ ಸಂಸ್ಥೆ ಇದೆ. ಪುಣೆಯವರಿಗೆ ಸಸೂನ್, ಗೋವಾದವರಿಗೆ ಬಾಂಬೋಲಿಯ ಮೆಡಿಕಲ್ ಕಾಲೇಜು. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ (ಆಸ್ಪತ್ರೆಯ ನೋಂದಣಿ ಚೀಟಿ) ಮಾಡಿಸಿ. ಅಲ್ಲಿನ ಜನಸಂದಣಿಯಲ್ಲಿ ನಿಮ್ಮೊಬ್ಬರ ಬೆನ್ನಿಗೆ ಮುಕ್ಕಾಲು ಗಂಟೆ ಸಿಗುವುದು ಕಷ್ಟ, ಆದರೆ ರೋಗ ಏನೆಂದು ಕಡಿಮೆ ಖರ್ಚಿನಲ್ಲಿ ಗೊತ್ತಾಗುತ್ತದೆ. ಆ ಕಾಗದ ಹಿಡಿದು ಖಾಸಗಿಯವರ ಬಳಿ ಹೋಗಿ. ಸಂಘದವರೋ ನೆರೆಯವರೋ ಯಾರದಾದರೂ ಹೆಸರು ಹೇಳಿದರೆ ‘ಗುಣ ಆಯ್ತಾ’ ಅಂತ ಮಾತ್ರ ಕೇಳಬೇಡಿ, ಬಹಳಷ್ಟು ಸೊಂಟನೋವು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಏನು ಮಾಡಿದರು, ಮನೆಯಲ್ಲಿ ಮಾಡಲು ವ್ಯಾಯಾಮ ಹೇಳಿಕೊಟ್ಟರೇ, ಎಷ್ಟು ಸಲ ಕರೆಸಿದರು ಅಂತ ಕೇಳಿ.

ಕೆಲವು ನೋವಿಗೆ ಕೈಚಿಕಿತ್ಸೆ ಮಾಡಿಸಲೇಬಾರದು. ಸೈಕಲ್ ಸೀಟಿಗೆ ತಾಗುವ ಜಾಗವೆಲ್ಲ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ಗೊತ್ತಾಗದಂತೆ ಸೋರಿಹೋದರೆ, ಎರಡೂ ಕಾಲು ಸೋತರೆ ಆಗಲೇ ಎಮರ್ಜೆನ್ಸಿಗೆ ಹೋಗಿ. ಬೆನ್ನುಹುರಿಯ ಕೆಳಗಿನ ನರಗುಚ್ಛ ಒತ್ತಿಹೋಗಿದ್ದರೆ ತಡಮಾಡಿದಷ್ಟೂ ನಷ್ಟ ಶಾಶ್ವತ. ಸಂಜೆಯ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಟಿಬಿ ಇಲ್ಲವೆಂದು ಮೊದಲು ಖಚಿತವಾಗಬೇಕು. ವಯಸ್ಸಾದವರು ಬಿದ್ದಿದ್ದರೆ, ಬಹಳ ಕಾಲ ಸ್ಟೆರಾಯ್ಡ್ ತೆಗೆದುಕೊಂಡಿದ್ದರೆ ಮೊದಲು ಎಕ್ಸ್‌ರೇ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್‌ನಂಥ ಮಾತ್ರೆ, ರುಮಟಾಯ್ಡ್ ಸಂಧಿವಾತ, ಹಿಂದೆ ಆದ ಕ್ಯಾನ್ಸರ್ ಇವನ್ನು ಅವರು ಕೇಳದಿದ್ದರೂ ನೀವೇ ಹೇಳಿ.

ಮೊದಲ ಭೇಟಿಗೆ ಸಡಿಲ ಬಟ್ಟೆ, ಹಳೆಯ ಫಿಲ್ಮು, ರಿಪೋರ್ಟು, ಮಾತ್ರೆಗಳ ಪಟ್ಟಿ ಇರಲಿ. ಒಳ್ಳೆಯವರು ಮೊದಲು ಪ್ರಶ್ನೆ ಕೇಳುತ್ತಾರೆ, ಬಗ್ಗಿಸಿ ತಿರುಗಿಸಿ ನೋಡುತ್ತಾರೆ, ಕಾಲಿನ ಶಕ್ತಿ, ಸ್ಪರ್ಶ, ಮಂಡಿಯ ರಿಫ್ಲೆಕ್ಸ್ ಪರೀಕ್ಷಿಸುತ್ತಾರೆ. ಒಳಗೆ ಹೋದ ಕೂಡಲೇ ಮಲಗಿಸಿ ಒತ್ತಲು ಶುರುಮಾಡಿದರೆ ಎದ್ದು ಬನ್ನಿ. ಹೆಂಗಸರು ಮಹಿಳಾ ಥೆರಪಿಸ್ಟ್ ಬೇಕೆಂದೋ ಮನೆಯವರು ಜೊತೆಗಿರಲೆಂದೋ ಮೊದಲೇ ಹೇಳಬಹುದು.

ಚಿಕಿತ್ಸೆ ನೋಡಲು ಸಪ್ಪೆ. ತೊಡೆಯ ಹಿಂಭಾಗ ಬಿಗಿದಿದ್ದರೆ ಅಂಗಾತ ಮಲಗಿಸಿ, ಕಾಲನ್ನು ನೇರವಾಗಿ ಎತ್ತಿ ಹಿಡಿದು ‘ನನ್ನ ಕೈ ಮೇಲೆ ಮೆಲ್ಲಗೆ ಒತ್ತಿ’ ಅನ್ನುತ್ತಾರೆ. 3ರಿಂದ 5 ಸೆಕೆಂಡು ಒತ್ತಬೇಕು, ಬಿಡಬೇಕು, ಉಸಿರು ಬಿಟ್ಟಾಗ ಕಾಲು ಇನ್ನೊಂದಿಷ್ಟು ಮೇಲೇರುತ್ತದೆ. ಹೀಗೆ 3–5 ಸಲ. ಇಲ್ಲಿ ಎಲ್ಲರೂ ಮಾಡುವ ತಪ್ಪು ಜೋರಾಗಿ ಒತ್ತುವುದು. ಆಗ ಸುತ್ತಲಿನ ಸ್ನಾಯುಗಳೂ ಬಿಗಿಯುತ್ತವೆ, ಬೇಕಾದದ್ದು ಸಡಿಲವಾಗುವುದಿಲ್ಲ. ಇನ್ನೊಂದು ಬಗೆಯಲ್ಲಿ ನೋಯುವ ಬಿಂದು ಹುಡುಕಿ, ನೋವು ಇಳಿಯುವ ಭಂಗಿಗೆ ಮೈ ಮಡಿಸಿ 90 ಸೆಕೆಂಡು ಹಿಡಿದು, ನಿಧಾನವಾಗಿ ಮೊದಲಿನ ಸ್ಥಿತಿಗೆ ತರುತ್ತಾರೆ. ಗಡಿಬಿಡಿ ಮಾಡಿದರೆ ಸ್ನಾಯು ಮತ್ತೆ ಸೆಟೆಯುತ್ತದೆ.

ವಿಡಿಯೋಗಳಲ್ಲಿ ಕೇಳುವ ‘ಟಕ್’ ಸದ್ದು ಮೂಳೆ ಜಾಗಕ್ಕೆ ಕೂತದ್ದಲ್ಲ, ಕೀಲಿನ ದ್ರವದಲ್ಲಿ ಅನಿಲದ ಗುಳ್ಳೆ ಉಂಟಾದದ್ದು. ಕತ್ತನ್ನು ಸರಕ್ಕನೆ ತಿರುಗಿಸುವುದಕ್ಕೆ ಒಪ್ಪದಿರುವುದೇ ಮೇಲು. ಅಪರೂಪವಾದರೂ ಕತ್ತಿನಿಂದ ಮೆದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಸ್ಟ್ರೋಕ್ ಆಗಬಹುದು. ಚಿಕಿತ್ಸೆಯ ನಂತರ ತಲೆಸುತ್ತು, ಎರಡೆರಡು ಕಾಣುವುದು, ಮಾತು ತೊದಲುವುದು ಕಂಡರೆ ಕ್ಲಿನಿಕ್ಕಿಗೆ ಫೋನ್ ಮಾಡುತ್ತ ಕೂರಬೇಡಿ, ಆಸ್ಪತ್ರೆಗೆ ಓಡಿ. ಒಂದೆರಡು ದಿನದ ಮೈಕೈ ನೋವು ಮಾತ್ರ ಸಹಜ.

ಗೋವಾದ ಬೀಚುಗಳಲ್ಲಿ ಸೀಸನ್ನಿಗೆ ಬರುವ ವಿದೇಶಿ ಚಿಕಿತ್ಸಕರ ಬಗ್ಗೆ ಒಂದು ಮಾತು. ಟೂರಿಸ್ಟ್ ವೀಸಾದವರು ಇಲ್ಲಿ ದುಡಿಯುವಂತಿಲ್ಲ, ಏನಾದರೂ ಎಡವಟ್ಟಾದರೆ ಮಳೆಗಾಲದಲ್ಲಿ ಹುಡುಕಲು ಅವರು ಇರುವುದೂ ಇಲ್ಲ.

20 ಸಿಟಿಂಗಿನ ಪ್ಯಾಕೇಜಿಗೆ ಮುಂಗಡ ಕಟ್ಟಬೇಡಿ. ‘ಡಿಸ್ಕ್ ಒಳಗೆ ತಳ್ಳುತ್ತೇನೆ’ ಅನ್ನುವವರಿಗಂತೂ ಬೇಡವೇ ಬೇಡ. ಒಂದೊಂದೇ ಸಲಕ್ಕೆ ದುಡ್ಡು ಕೊಟ್ಟು, ನೋವಿಗೆ ನಿಮ್ಮದೇ ಒಂದು ಅಳತೆ ಇಟ್ಟುಕೊಳ್ಳಿ: ಡೊಂಬಿವಿಲಿಯಿಂದ ಸಿಎಸ್‌ಎಂಟಿ ತನಕ ನಿಂತು ಬರಲಾಗುತ್ತದೆಯೇ ಅಥವಾ ಠಾಣೆಗೇ ಸೊಂಟ ಹಿಡಿಯುತ್ತದೆಯೇ, ದೋಸೆ ಕಾವಲಿಯ ಮುಂದೆ ಎಷ್ಟು ಹೊತ್ತು ನಿಲ್ಲಬಹುದು. ಹೇಳಿಕೊಟ್ಟ ವ್ಯಾಯಾಮ ಮಾಡಿಯೂ 3–4 ಭೇಟಿಯಲ್ಲಿ ಆ ಅಳತೆ ಕದಲದಿದ್ದರೆ ಕೇಸ್ ಪೇಪರ್ ಹಿಡಿದು ಮತ್ತೆ ಆರ್ಥೋಪೆಡಿಕ್ ಓಪಿಡಿಗೆ ಹೋಗಿ.